ರಿಂಗಿನ ತುದಿ

ಪರದೆಯ ಮೇಲೆ ಮುರಿದ ಕಂಬದ ಚಿತ್ರ ಮೂಡಿದಾಗ ಎಂಜಿನಿಯರ್ ರಾವಸಾಹೇಬರು ಮೊಬೈಲಿನಿಂದ ತಲೆ ಎತ್ತಿದರು. ಪರವಾನಗಿ ನವೀಕರಣಕ್ಕೆ ಈ ತರಬೇತಿ ಕಡ್ಡಾಯವೆಂದು ಕೊಲ್ಲಾಪುರಕ್ಕೆ ಬಂದಿದ್ದರು; ಮೂವತ್ತು ವರ್ಷ ಕಟ್ಟಡ ಕಟ್ಟಿಸಿದ ಮೇಲೆ ಕಲಿಯುವುದೇನೂ ಉಳಿದಿಲ್ಲವೆಂಬುದು ಅವರ ನಂಬಿಕೆ. ಪಾಠ ಹೇಳುತ್ತಿದ್ದ ರುತುಜಾ ಮರಾಠಿಯಲ್ಲಿ ವಿವರಿಸಿದಳು: ಕಂಬದ ಸರಳುಗಳನ್ನು ಬಿಗಿಹಿಡಿಯುವ ರಿಂಗಿನ ತುದಿಗಳು ಒಳಮುಖವಾಗಿ ಬಾಗಿರಬೇಕು, ಎಲ್ ಅಕ್ಷರದಂತೆ ಮಡಚಿ ಬಿಟ್ಟರೆ ಭೂಕಂಪದಲ್ಲಿ ಬಿಚ್ಚಿಕೊಳ್ಳುತ್ತವೆ, ಕಂಬ ನಿಲ್ಲುವುದಿಲ್ಲ.

ರಾವಸಾಹೇಬರ ನಕ್ಷೆಗಳಲ್ಲೆಲ್ಲ ಇದ್ದುದು ಎಲ್ ಅಕ್ಷರವೇ. ಕೊರೋಚಿಯ ಮಗ್ಗದ ಕಾರಖಾನೆಯೊಂದರ ಕಂಬಗಳಿಗೆ ಇವತ್ತೇ ಕಾಂಕ್ರೀಟು ಹಾಕುವುದಿತ್ತು. ಅವರು ಹೊರಗೆ ಬಂದು, ತಮ್ಮ ಕೆಲಸಗಳಿಗೆ ಸರಳು ಕಟ್ಟುವ ಜ್ಞಾನುಗೆ ಫೋನು ಮಾಡಿದರು.

"ಜ್ಞಾನು, ಕಾಂಕ್ರೀಟ್ ನಿಂದ್ರಸು. ರಿಂಗಿನ ತುದಿ ಎಲ್ಲಾ ಒಳಗ ಮಣಸಬೇಕು."

"ಯಾಕ್ರಿ ಸಾಹೇಬ್ರ? ನೀವು ಹೇಳಿದಂಗ ಮಾಡೇನಲ್ರಿ."

"ನಾ ಹೇಳಿದ್ದಽ ತಪ್ಪಿತ್ತು."

ಆ ಕಡೆ ಮಿಕ್ಸರಿನ ಸದ್ದು ನಿಂತಿತು. ರಾವಸಾಹೇಬರಿಗೆ ಉಸಿರು ಬಂದಂತಾಯಿತು. ಆದರೆ ಜ್ಞಾನು ಮತ್ತೆ ಮಾತಾಡಿದಾಗ ಅವನ ದನಿ ಇಳಿದಿತ್ತು.

"ಸಾಹೇಬ್ರ, ಹ್ವಾದ ವರ್ಷ ನನ್ನ ಮನಿ ನಕ್ಷಾನೂ ನೀವಽ ಬರಕೊಟ್ರಲ್ರಿ. ಅಲ್ಲೂ ಹಿಂಗಽ ಕಟ್ಟೇನಿ. ಅದಕ್ಕ ಏನೂ ಆಗಂಗಿಲ್ಲಲ್ರಿ?"

ಏನೂ ಆಗುವುದಿಲ್ಲ ಎಂಬ ಮಾತು ರಾವಸಾಹೇಬರ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡರು.

"ಅದೂ ತಪ್ಪಽ ಐತೋ ಜ್ಞಾನು," ಎಂದರು. "ಸಂಜೀಕ ಬರ್ತೇನಿ. ಮೊದಲ ನಿನ್ನ ಮನಿ ನೋಡೂಣು. ಉಳಿದವ್ರ ಮನೀಗೆ ಆಮ್ಯಾಲ ಹೋಗೂಣು."