ಸೋರುವ ಜಾಗ

ಮುಸ್ತಾಕ ಕಣ್ಣು ತೆರೆದಾಗ ಗಾಳಿಯ ಪೈಪು ಲಾರಿ ಡ್ರೈವರ್ ಗೋಣೆಪ್ಪನ ಕೈಯಲ್ಲಿತ್ತು. ನೂರಾ ಹತ್ತಕ್ಕೆ ನಿಲ್ಲಬೇಕಿದ್ದ ಗಾಳಿಯೊತ್ತಡದ ಮುಳ್ಳು ನೂರಾ ಮೂವತ್ತು ದಾಟಿತ್ತು. ತಡಸದ ಹೆದ್ದಾರಿ ಪಕ್ಕದ ತನ್ನ ಪಂಕ್ಚರ್ ಅಂಗಡಿಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ, ಗೋಣೆಪ್ಪನ ಟೈರಿಗೆ ಗಾಳಿ ತುಂಬುತ್ತ ಕುಕ್ಕರಗಾಲಲ್ಲೇ ಅವನು ನಿದ್ದೆ ಹೋಗಿದ್ದ.

"ಒಡದಿದ್ರ ನಿಮ್ಮ ತಲಿ ಹುಬ್ಬಳ್ಳ್ಯಾಗ ಹುಡುಕಬೇಕಾಗತಿತ್ತು, ಸಾಬ್ರ!" ಎನ್ನುತ್ತ ಗೋಣೆಪ್ಪ ಹೆಚ್ಚಿನ ಗಾಳಿ ಬಿಡತೊಡಗಿದ.

ಕೂಗು ಕೇಳಿ ಹಿಂದಿನ ಮನೆಯಿಂದ ಹೆಂಡತಿ ದಿಲ್ಶಾದ ಬಂದಳು. ಗಂಡನ ಮುಖ ನೋಡಿದಳು, ಟೈರು ನೋಡಿದಳು. ಒಳಗೆ ಹೋಗಿ, ಬಟ್ಟೆ ಸುತ್ತಿಟ್ಟಿದ್ದ ಸಣ್ಣ ಯಂತ್ರವೊಂದನ್ನು ತಂದು ಸ್ಟೂಲಿನ ಮೇಲಿಟ್ಟಳು.

"ಇದೇನಕ್ಕಾ?" ಎಂದ ಗೋಣೆಪ್ಪ.

"ನಿದ್ದ್ಯಾಗ ಇವರ ಉಸಿರು ನಿಂತು ನಿಂತು ಬರತೈತ್ರಿ ಅಣ್ಣಾ. ಇದರ ಮಾಸ್ಕ್ ಮೂಗಿಗೆ ಹಾಕ್ಕೊಂಡು ಮಲಗಿದ್ರ ಗಾಳಿ ಒತ್ತಿ ಗಂಟಲ ತೆರದ ಇಡತೈತಿ. ಎರಡ ತಿಂಗಳಾತು, ಮುಟ್ಟಿಲ್ಲ; ಅದಕ್ಕ ಹಗಲೊತ್ತು ಹಿಂಗ ನಿದ್ದಿ."

"ಅದು ದಪ್ಪ ಇದ್ದಾಗಿನ ಮಾತು," ಎಂದ ಮುಸ್ತಾಕ. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಆಗಿ ಎಂಟು ತಿಂಗಳು. ನೂರಾ ಇಪ್ಪತ್ತೆಂಟು ಕಿಲೋ ಇದ್ದವನು ಎಂಬತ್ತಾರಕ್ಕೆ ಬಂದಿದ್ದ. ಗೊರಕೆಯೂ ತಗ್ಗಿತ್ತು. ಇನ್ನೊಮ್ಮೆ ನಿದ್ದೆಯ ಪರೀಕ್ಷೆ ಆಗುವವರೆಗೆ ಯಂತ್ರ ಬಿಡಬೇಡ ಎಂದು ಡಾಕ್ಟರು ಹೇಳಿದ್ದರು. ಆದರೆ ಅವನ ಲೆಕ್ಕ ಬೇರೆ. "ಗಾಳಿ ಒಳಗ ಹೋಗದ ಬುಸ್ಸಂತ ಹೊರಗ ಬರತೈತಿ. ತುಂಬಿದ ಟೈರು ಮತ್ತ ಗಾಳಿ ಹಿಡೀತೈತೇನು? ಮೈಗೆ ಬ್ಯಾಡಾಗೇತಿ, ಅಷ್ಟ."

ಗೋಣೆಪ್ಪ ನಕ್ಕುಬಿಟ್ಟ. "ನನ್ನ ಟೈರು ಗಾಳಿ ಹಿಡೀದಿದ್ರ ತುಂಬೇತಿ ಹೋಗಪಾ ಅಂತ ಕಳಸ್ತೀರೋ, ಎಲ್ಲೆ ಸೋರತೈತಿ ಅಂತ ನೋಡ್ತೀರೋ?"

ಇಪ್ಪತ್ತು ವರ್ಷದ ಕಸುಬಿನಲ್ಲಿ ಮುಸ್ತಾಕನಿಗೆ ಆ ಪ್ರಶ್ನೆ ಕೇಳಿದವರಿರಲಿಲ್ಲ. ಯಂತ್ರದ ಪ್ಲಗ್ ಸಿಕ್ಕಿಸಿದ, ಮೂಗಿಗೆ ಮಾಸ್ಕ್ ಏರಿಸಿ ಪಟ್ಟಿ ಬಿಗಿದ. ಪಂಕ್ಚರ್ ಹುಡುಕುವ ಸಾಬೂನು ನೀರಿನ ಡಬ್ಬಿಯಲ್ಲಿ ಬೆರಳದ್ದಿ ಮಾಸ್ಕಿನ ಮುಂಭಾಗಕ್ಕೆ ಸವರಿದ. ಗುಳ್ಳೆ ಎದ್ದವು. ಸಿಕ್ಕಿತು ಎಂಬಂತೆ ಹುಬ್ಬೇರಿಸಿದ.

"ಅದಲ್ರಿ! ಆ ತೂತು ಉಸಿರು ಬಿಡಾಕಂತ ಕಂಪನ್ಯಾವ್ರ ಮಾಡಿದ್ದು," ಎಂದಳು ದಿಲ್ಶಾದ. "ಅಂಚಿಗೆ ಹಚ್ರಿ."

ಗೋಣೆಪ್ಪ ಮೂಲೆಯಲ್ಲಿ ಬಿದ್ದಿದ್ದ ಬೈಕಿನ ಕನ್ನಡಿ ತಂದು ಎದುರು ಹಿಡಿದ. ಮುಸ್ತಾಕ ಅಂಚಿನುದ್ದಕ್ಕೂ ನಿಧಾನವಾಗಿ ನೊರೆ ಎಳೆಯುತ್ತ ಹೋದ. ಬಲಗಡೆ ಏನಿಲ್ಲ. ಮೂಗಿನ ಮೇಲೆ ಏನಿಲ್ಲ. ಎಡಗಡೆ, ಮೊದಲು ಕೆನ್ನೆ ಉಬ್ಬಿ ಮಾಸ್ಕಿಗೆ ಒತ್ತಿಕೊಳ್ಳುತ್ತಿದ್ದಲ್ಲಿ, ಈಗ ಒಂದು ತಗ್ಗು. ಅಲ್ಲಿಂದ ಗುಳ್ಳೆಗಳು ಒಂದನ್ನೊಂದು ತಳ್ಳುತ್ತ ಉಕ್ಕಿ ಬಂದವು.

"ಮೈ ತುಂಬಿದ್ದಲ್ಲ, ಮಾರಿ ಸಣ್ಣದಾಗೇತಿ," ಎಂದಳು ದಿಲ್ಶಾದ. "ಮಾಸ್ಕ್ ಬ್ಯಾರೆ ಬೇಕು. ಗಾಳಿ ಎಷ್ಟು ಬೇಕು, ಬೇಕೋ ಬ್ಯಾಡೋ, ಅದನ್ನೂ ಡಾಕ್ಟರ ಅಳೀಬೇಕು. ನಾಳೆ ಹೋಗೂಣೇನ್ರಿ?"

ಮುಸ್ತಾಕ ಅಂಗೈಯಿಂದ ನೊರೆ ಒರೆಸಿ, ಅಂಗಿಯ ಜೇಬಿನಿಂದ ಸೀಮೆಸುಣ್ಣ ತೆಗೆದು, ಟ್ಯೂಬಿನ ತೂತಿಗೆ ಹಾಕುವಂತೆಯೇ ಕನ್ನಡಿ ನೋಡುತ್ತ ತನ್ನ ಎಡಗೆನ್ನೆಯ ಮೇಲೆ ಒಂದು ದುಂಡು ಗುರುತು ಹಾಕಿದ.