ಮೊಣಕಾಲುದ್ದದ ಮಂಜು

ಸಿಂಚನ ಇನ್ನೂ ತೊದಲುತ್ತಿದ್ದಾಗ ಅವಳಮ್ಮ ವಾರಿಜಾ, "ನಿಂಗೆ ಸಮುದ್ರ ತೋರಿಸ್ತೀನಿ ಕಣೆ," ಎಂದು ಮಾತು ಕೊಟ್ಟಿದ್ದಳು. ಕೊಟ್ಟ ಮಾತು ನಡೆಯುವವರೆಗೂ ಸೂರಿನಡಿ ನೀಲಿ ಹಣತೆಯಂತೆ ಬೆಳಗುತ್ತ ತೇಲುವ ಊರು ಅದು. ಆ ನೀಲಿ ಬೆಳಕಿನಲ್ಲೇ ಓದುತ್ತ ಮಗಳು ಎಂಟನೇ ತರಗತಿಗೆ ಬಂದಿದ್ದಳು.

"ನೋಡೋಣ" ಎಂದರೆ ಮಾತ್ರ ಬೆಳಕು ಹುಟ್ಟುತ್ತಿರಲಿಲ್ಲ. ಮಂಜು ಹುಟ್ಟಿ ನೆಲದ ಮೇಲೆ ಹರಡುತ್ತಿತ್ತು. ವಾರಿಜಾಳ ಮನೆಯಲ್ಲಿ ಅದು ಮೊಣಕಾಲಿನವರೆಗೆ ಏರಿತ್ತು. ಚಪ್ಪಲಿ ಬೇಕೆಂದರೂ ಬಗ್ಗಿ ತಡಕಾಡಬೇಕಿತ್ತು.

ಆ ಸಂಜೆ ಅವಳು ಸಕ್ಕರೆ ಡಬ್ಬಿಗೆ ಮೊಬೈಲ್ ಒರಗಿಸಿಕೊಂಡು, ಬಡ್ತಿಗೆ ಬೇಕಿದ್ದ ವ್ಯವಹಾರ ಸಂವಹನದ ಆನ್‌ಲೈನ್ ತರಗತಿ ಕೇಳುತ್ತಿದ್ದಳು. ಆಗದ್ದನ್ನು ಆಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುವುದು ಅಂದಿನ ಪಾಠ.

"ಅಮ್ಮ, ಈ ಭಾನುವಾರ ಸಮುದ್ರಕ್ಕೆ ಹೋಗೋಣ್ವಾ?" ಸಿಂಚನ ಬಾಗಿಲಲ್ಲಿ ನಿಂತಿದ್ದಳು. "ನೋಡೋಣ ಅನ್ಬೇಡ. ನನ್ನ ಇನ್ನೊಂದು ಸಾಕ್ಸೇ ಇನ್ನೂ ಸಿಕ್ಕಿಲ್ಲ."

ವಾರಿಜಾ ಬಾಯಿ ತೆರೆಯುವಷ್ಟರಲ್ಲಿ ಮೊಬೈಲಿನಿಂದ ಮೇಷ್ಟ್ರು ಕರೆದರು. "ವಾರಿಜಾ ಅವರೇ, ಭಾನುವಾರ ನಿಮ್ಮ ಮೌಖಿಕ ಪರೀಕ್ಷೆ. ತಪ್ಪಿದ್ರೆ ಮುಂದಿನ ವರ್ಷವೇ. ಬರ್ತೀರಲ್ಲ?"

"ನೋಡೋ..." ಎನ್ನುತ್ತಲೇ ತುಟಿಯಂಚಿನಲ್ಲಿ ತೆಳ್ಳಗೆ ಮಂಜು ಕಾಣಿಸಿತು. ಮಗಳ ಜಡೆಯ ಮೇಲೆ ನೀಲಿ ಬೆಳಕು ತೂಗುತ್ತಿತ್ತು. ವಾರಿಜಾ ಮಂಜನ್ನು ಉಸಿರಿನೊಂದಿಗೆ ಒಳಗೆಳೆದುಕೊಂಡಳು.

"ಆಗಲ್ಲ ಸರ್. ಭಾನುವಾರ ಮಗಳ ಜೊತೆ ಸಮುದ್ರಕ್ಕೆ ಹೋಗ್ತಿದ್ದೀನಿ."

ಮೇಷ್ಟ್ರು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗುರುತು ಹಾಕಿಕೊಂಡರು. "ಸ್ಪಷ್ಟವಾಗೇ ಹೇಳಿದ್ರಿ. ಆದ್ರೂ ಪರೀಕ್ಷೆ ಮುಂದಿನ ವರ್ಷವೇ."

ಮಂಜು ಮೆಲ್ಲಗೆ ಹೊಸ್ತಿಲು ದಾಟಿ ಬೀದಿಗೆ ಹರಿಯಿತು. ಮಂಚದಡಿ ಸಾಕ್ಸ್ ಕಾಣಿಸಿತು.

ಭಾನುವಾರ ಸಿಂಚನ ಸಮುದ್ರ ನೋಡಿದಳು.