ಪೀಪಾಯಿ ಬೆಚ್ಚಗಾಗುವ ಹೊತ್ತು

ರಿಪೇರಿಯ ಮೈಲಾರಿ ಹೊಸ ಪೀಪಾಯಿಯನ್ನು ಅಡುಗೆಮನೆಯ ಬಾಗಿಲಲ್ಲಿ ಇಳಿಸಿ ಬೆವರು ಒರೆಸಿಕೊಂಡ.

"ಅಕ್ಕಾ, ಹಳೇದರೊಳಗಿನ ಲೋಹದ ಪುಡಿ ಸೋತಿದೆ. ಒಲೆಗೆ ಬೇಕಾದ ಜಲಜನಕ ಅರ್ಧವೂ ಹೀರ್ಕೊಳ್ತಿಲ್ಲ. ಇದರಲ್ಲಿರೋದು ಹೊಸ ಬಗೆಯ ಪುಡಿ. ತುಂಬುವಾಗ ಬಿಸಿಯಾಗಲ್ಲ, ಒಲೆ ಉರಿಯುವಾಗ ತಣ್ಣಗಾಗಲ್ಲ."

ವಿಶಾಲಾಕ್ಷಿ ಹಳೆಯ ಪೀಪಾಯಿಯ ಮೇಲೆ ಕೈಯಿಟ್ಟಳು. ಬೆಳಗ್ಗೆ ಅಡುಗೆಯ ಹೊತ್ತಿಗೆ ತಣ್ಣಗಾಗುವ ಪೀಪಾಯಿಯ ಮೇಲೆ ಎಲ್ಲರಂತೆ ಅವಳೂ ಹಾಲು, ಹೂವು ಕೆಡದಿರಲೆಂದು ಇಡುತ್ತಿದ್ದಳು. ಅದು ಹೋದರೆ ಹೋಗಲಿ. ಆದರೆ ಮಧ್ಯಾಹ್ನ ತಾರಸಿಯ ಯಂತ್ರ ಬಿಸಿಲಿನಿಂದ ಜಲಜನಕ ಮಾಡಿ ತುಂಬಿಸುವಾಗ ಪೀಪಾಯಿ ಬೆಚ್ಚಗಾಗುತ್ತಿತ್ತು. ಆಗ ಅವಳು ಈ ಕಡೆ, ಅತ್ತೆ ಗಂಗಾಂಬಿಕೆ ಆ ಕಡೆ ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು. ಎದುರಾಬದುರು ನಿಂತು ಎಂದೂ ಸಲೀಸಾಗಿ ಮಾತಾಡದ ಅವರು, ಒಬ್ಬರ ಮುಖ ಒಬ್ಬರಿಗೆ ಕಾಣದ ಆ ಹೊತ್ತಿನಲ್ಲಿ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು. ತಾವು ಮೊದಲ ಬಸುರಿನಲ್ಲಿ ತವರಿಗೆ ಹೋದಾಗ ಮರಳಿ ಬರುವುದೇ ಬೇಡವೆಂದುಕೊಂಡಿದ್ದನ್ನು ಅತ್ತೆ ಮೊನ್ನೆ ಹೇಳಿದ್ದು ಅಲ್ಲಿಯೇ.

ಬೆಚ್ಚಗಾಗದ ಪೀಪಾಯಿಯ ಪಕ್ಕ ಕೂರಲು ನೆಪವೇನು?

"ಹಳೇದು ಬಿಚ್ಚಲಾ ಅಕ್ಕಾ?"

"ಬೇಡಪ್ಪ," ಎನ್ನುತ್ತಾ ಅತ್ತೆ ಒಳಗಿನಿಂದ ಬಂದರು. "ನನ್ನ ಮಂಡಿಗೆ ಅದರ ಶಾಖ ಬೇಕು."

"ಸಂಜೆ ಅಡುಗೆ ಮುಗಿಯೋದರೊಳಗೆ ಒಲೆ ಆರಿಹೋಗ್ತದಲ್ಲ ಅಜ್ಜಿ."

"ಆರಿದರೆ ಅವಲಕ್ಕಿ ತಿಂತೀವಿ. ನಿನಗ್ಯಾಕೆ ಚಿಂತೆ?"

ಮೈಲಾರಿ ವಿಶಾಲಾಕ್ಷಿಯ ಕಡೆ ನೋಡಿದ. ಅತ್ತೆಗೆ ಮಂಡಿನೋವೇ ಇರಲಿಲ್ಲ. ಅಂದು ಬೆಳಗ್ಗೆಯಷ್ಟೇ ಅವರು ಸ್ಟೂಲು ಹತ್ತಿ ಅಟ್ಟದಿಂದ ಹಪ್ಪಳದ ಡಬ್ಬ ಇಳಿಸಿದ್ದರು.

"ರಾತ್ರಿಯೆಲ್ಲ ನರಳ್ತಾರೆ, ಪಾಪ," ಎಂದು ವಿಶಾಲಾಕ್ಷಿ ಹೊಸ ಪೀಪಾಯಿಯನ್ನು ಅವನ ಕಡೆಗೆ ತಳ್ಳಿದಳು.